ಕಿವಿ ಮುಂದಿನ ಪುಟ್ಟ ತೂತು: ಕತ್ತರಿ ಎಲ್ಲಿಯವರೆಗೆ ಹೋಗಬೇಕು?

ಮಗುವಿಗೆ ಎಣ್ಣೆ ಹಚ್ಚುವಾಗ ಅಜ್ಜಿಯ ಕಣ್ಣಿಗೆ ಬೀಳುತ್ತದೆ. ಕಿವಿಯ ಮೇಲಿನ ಅಂಚು ಕೆನ್ನೆಗೆ ಸೇರುವ ಕಡೆ ಸೂಜಿ ಚುಚ್ಚಿದಂಥ ಒಂದು ಚುಕ್ಕೆ. ಕಿವಿ ಚುಚ್ಚಿಸಿಯೇ ಇಲ್ಲ, ಇದೆಲ್ಲಿಂದ ಬಂತು? ಕೆಲವರಿಗೆ ಅದನ್ನು ಒತ್ತಿದರೆ ಬೆಣ್ಣೆಯಂಥ ಬಿಳಿ ಪದಾರ್ಥ ಹೊರಬರುತ್ತದೆ, ವಾಸನೆ ಬೇರೆ.

ಇದನ್ನು ವೈದ್ಯ ಸಾಹಿತ್ಯದಲ್ಲಿ ಮೊದಲು ವಿವರಿಸಿದವರು ಜರ್ಮನಿಯ ವೈದ್ಯ ಹ್ಯೂಸಿಂಗರ್, 1864ರಲ್ಲಿ. ಕಾರಣದ ಎಳೆ ಸಿಕ್ಕಿದ್ದು 1885ರ ಹೊತ್ತಿಗೆ. ಭ್ರೂಣದಲ್ಲಿ ಆರು ಪುಟ್ಟ ಉಬ್ಬುಗಳು ಕೂಡಿಕೊಂಡು ಹೊರಗಿವಿ ಆಗುತ್ತದೆ ಎಂದು ಅಂಗರಚನಾ ತಜ್ಞ ವಿಲ್ಹೆಲ್ಮ್ ಹಿಸ್ ತೋರಿಸಿಕೊಟ್ಟರು. ಬಸಿರಿನ ಆರನೇ ವಾರದ ಸುಮಾರಿಗೆ ನಡೆಯುವ ಕೆಲಸ ಅದು. ಆ ಉಬ್ಬುಗಳ ಬೆಸುಗೆ ಪೂರ್ತಿಯಾಗದೆ ಚರ್ಮ ಒಳಗೇ ಉಳಿದರೆ ಈ ತೂತು ಆಗುತ್ತದೆ ಎಂಬುದು ಹೆಚ್ಚಿನವರು ಒಪ್ಪಿದ ವಿವರಣೆ. ಗ್ರಹಣದ ಮಾತು, ಬಸುರಿ ಅದು ತಿಂದಳು ಇದು ಮುಟ್ಟಿದಳು ಎಂಬ ಮಾತು, ಯಾವುದಕ್ಕೂ ಇಲ್ಲಿ ಜಾಗವಿಲ್ಲ. ತಾಯಿಯನ್ನು ಸುಮ್ನೆ ನೋಯಿಸಬೇಡಿ. ಎಷ್ಟೋ ಮನೆಗಳಲ್ಲಿ ಇದು ವಂಶದಲ್ಲೇ ಇರುತ್ತದೆ, ಅಪ್ಪನ ಕಿವಿಯನ್ನೂ ಒಮ್ಮೆ ನೋಡಿ.

ಆಡುಮಾತಿನಲ್ಲಿ ಫಿಸ್ಟುಲಾ, ಅಂದರೆ ಎರಡು ಬಾಯಿಯ ಕೊಳವೆ, ಅಂದರೂ ಇದು ಸಾಮಾನ್ಯವಾಗಿ ಒಂದೇ ಬಾಯಿಯ ಕೊಳವೆ. ಹಾಗಾಗಿ ಡಾಕ್ಟರು ಸೈನಸ್ ಅನ್ನುತ್ತಾರೆ (ಮೂಗಿನ ಸೈನಸ್ ಅಲ್ಲ). ತೊಂದರೆ ಕೊಡದಿದ್ದರೆ ಮುಟ್ಟುವುದೇ ಬೇಡ. ಪದೇ ಪದೇ ಕೀವಾದರೆ ಮಾತ್ರ ಆಪರೇಷನ್.

ಹಳೆಯ ಪದ್ಧತಿ ನೋಡಲು ಸರಳ. ತೂತಿನ ಸುತ್ತ ಚರ್ಮ ಕೊಯ್ದು, ಸಣ್ಣ ಕಡ್ಡಿಯನ್ನೋ ನೀಲಿ ಬಣ್ಣವನ್ನೋ ಒಳಗೆ ಬಿಟ್ಟು, ದಾರಿ ಹಿಡಿದು ಹೋಗಿ ಕೊಳವೆಯನ್ನು ಕಿತ್ತು ತೆಗೆಯುವುದು. ಆದರೆ ಕೊಳವೆ ನೆಟ್ಟಗಿರುವುದಿಲ್ಲ. ಕವಲೊಡೆಯುತ್ತದೆ, ಕಿವಿಯ ಮೃದು ಎಲುಬಿಗೆ ಅಂಟಿಕೊಳ್ಳುತ್ತದೆ. ಗರಿಕೆ ಕಿತ್ತ ಹಾಗೆ: ಒಂದು ಚೂರು ಒಳಗುಳಿದರೂ ಮತ್ತೆ ಚಿಗುರುತ್ತದೆ.

ತಿರುವು ಸಿಕ್ಕಿದ್ದು 1990ರಲ್ಲಿ. ಅಮೆರಿಕದ ಪ್ರಸಾದ್, ಗ್ರಂಡ್‌ಫಾಸ್ಟ್ ಮತ್ತು ಮಿಲ್ಮೋ ಎಂಬ ವೈದ್ಯರು ಎರಡು ವಿಧಾನಗಳನ್ನು ಹೋಲಿಸಿ ನೋಡಿದರು. ಹಳೆಯ ವಿಧಾನದಲ್ಲಿ ಶೇ. 42ರಷ್ಟು ಮಕ್ಕಳಿಗೆ ಮರುಕಳಿಸಿತ್ತು. ಹೊಸ ವಿಧಾನದಲ್ಲಿ, ಚರ್ಮ ಕೊಯ್ದ ಗಾಯವನ್ನು ಕಿವಿಯ ಮೇಲ್ಭಾಗಕ್ಕೂ ಬೆಳೆಸಿದಾಗ, ಅದು ಶೇ. 5ಕ್ಕೆ ಇಳಿಯಿತು. ಇಲ್ಲಿ ಕೊಳವೆಯ ಬೆನ್ನು ಹತ್ತುವುದೇ ಇಲ್ಲ. ಕಣತಲೆಯ ಸ್ನಾಯುವಿನ ಮೇಲಿನ ಬಿಳಿ ಪೊರೆ ಕಾಣುವವರೆಗೆ ಹೋಗುತ್ತಾರೆ. ಅದೇ ತಳ. ಆ ಪೊರೆಗೂ ಕಿವಿಯ ಮೃದು ಎಲುಬಿಗೂ ನಡುವೆ ಇರುವುದನ್ನೆಲ್ಲ ಒಟ್ಟಿಗೆ ತೆಗೆಯುತ್ತಾರೆ, ಅಂಟಿದ್ದರೆ ಎಲುಬಿನ ಒಂದು ಚೂರನ್ನೂ. ಪುಟ್ಟ ತೂತಿಗೆ ಇಷ್ಟು ದೊಡ್ಡ ಗಾಯವಾ ಅನ್ನಿಸುತ್ತೆ, ಅಲ್ವಾ? ಮೂರು ಸಲ ಚಿಕ್ಕ ಗಾಯ ಮಾಡಿಸಿಕೊಳ್ಳುವುದಕ್ಕಿಂತ ಇದೇ ಮೇಲು ಎಂದು ನನಗನ್ನಿಸುತ್ತದೆ.

ನಮ್ಮ ನೆಂಟರ ಹುಡುಗನಿಗೆ ಒಂದು ಕ್ಲಿನಿಕ್‌ನಲ್ಲಿ ಎರಡು ಸಲ ಕೀವು ಕೊಯ್ದು ತೆಗೆದಿದ್ದರು. ಚರ್ಮ ಗಂಟುಕಟ್ಟಿ, ಆಮೇಲಿನ ಆಪರೇಷನ್ ಕಷ್ಟವಾಯಿತು. ಕೀವು ತುಂಬಿದಾಗ ಮೊದಲು ಆಂಟಿಬಯಾಟಿಕ್, ಬೇಕಾದರೆ ಸೂಜಿಯಲ್ಲಿ ಕೀವು ಎಳೆಯುವುದು, ಸೋಂಕು ಪೂರ್ತಿ ಆರಿದ ಮೇಲೆ ಆಪರೇಷನ್. ಈ ಕ್ರಮ ತಪ್ಪದಿರುವುದು ತುಂಬಾ ಮುಖ್ಯ.

ತೂತು ಕಿವಿಯ ಕೆಳಗೆ, ದವಡೆಯ ಮೂಲೆಯ ಬಳಿ ಇದ್ದರೆ ಕಥೆಯೇ ಬೇರೆ. ಆ ಕೊಳವೆ ಕಿವಿಯ ನಾಳದವರೆಗೂ ಹೋಗಬಹುದು, ಮುಖವನ್ನು ಆಡಿಸುವ ನರದ ಪಕ್ಕದಲ್ಲೇ ಹಾಯಬಹುದು. ಅಲ್ಲಿ ಕತ್ತರಿ ಆಡಿಸುವ ಮೊದಲು ಸರ್ಜನ್ ಆ ನರವನ್ನು ಹುಡುಕಿ ಕಣ್ಣೆದುರು ಇಟ್ಟುಕೊಳ್ಳುತ್ತಾರೆ.