ದೊಡ್ಡ ಸಂಖ್ಯೆನ ಒಡೆಯೋದು ಯಾವಾಗ ಕಷ್ಟ?

ನಾನು ಕೆಲಸ ಮಾಡೋದು ಮಾಹಿತಿನ ಗುಟ್ಟಾಗಿಡೋ ಎನ್‌ಕ್ರಿಪ್ಷನ್ ಕೋಡ್ ಮೇಲೆ. ಟೀಮಿಗೆ ಹೊಸದಾಗಿ ಸೇರಿದ ಹುಡುಗ ಮೊನ್ನೆ ಲಾಗ್ ಫೈಲ್ ತೋರಿಸಿ "ಸಾರ್, ಇದೇನೋ ವಿಚಿತ್ರ ನಂಬರ್ ಬಂದಿದೆ ನೋಡಿ" ಅಂದ. 18446744073709551615. ನೋಡಿದ ಕೂಡ್ಲೇ ಗುರುತು ಸಿಕ್ತು, ಇದು 2⁶⁴ಕ್ಕೆ ಒಂದು ಕಮ್ಮಿ, ಮೈನಸ್ ಒಂದನ್ನ ಮೈನಸ್ ಚಿಹ್ನೆಗೆ ಜಾಗ ಇಲ್ಲದ 64 ಬಿಟ್‌ಗೆ ತುಂಬಿದ್ರೆ ಹೀಗೇ ಕಾಣತ್ತೆ. ಚದುರಂಗದ ಮನೆಗಳಲ್ಲಿ ಒಂದು, ಎರಡು, ನಾಲ್ಕು ಅಂತ ಕಾಳು ಇಡ್ತಾ ಹೋಗೋ ಕಥೆಯಲ್ಲಿ ಒಟ್ಟು ಕಾಳೂ ಇಷ್ಟೇ. ಬಗ್ ಸರಿಮಾಡಿ ಆಮೇಲೆ ಅವನನ್ನ ಬೋರ್ಡ್ ಹತ್ರ ಕರ್ಕೊಂಡು ಹೋದೆ, ಯಾಕಂದ್ರೆ ಈ ನಂಬರ್ ಒಳಗೆ ನಮ್ಮ ಕೆಲಸದ ಅರ್ಧ ಪಾಠ ಇದೆ. ಒಡೆಯೋದು ಅಂದ್ರೆ ಒಂದು ನಂಬರನ್ನ, ಗುಣಿಸಿದ್ರೆ ಮತ್ತೆ ಅದೇ ಬರೋ ಚಿಕ್ಕ ನಂಬರುಗಳಾಗಿ, ಅಂದ್ರೆ ಅಪವರ್ತನಗಳಾಗಿ ಬಿಡಿಸೋದು.

ಎ ಸ್ಕ್ವೇರ್ ಮೈನಸ್ ಬಿ ಸ್ಕ್ವೇರ್ ಸೂತ್ರ ಹೈಸ್ಕೂಲಲ್ಲಿ ಎಲ್ರೂ ಬಾಯಿಪಾಠ ಮಾಡಿದೀವಿ. 2⁶⁴ ಅಂದ್ರೆ 2³²ರ ವರ್ಗ, ಹಾಗಾಗಿ ನಮ್ಮ ನಂಬರ್ (2³²−1) × (2³²+1) ಆಗತ್ತೆ, ಮೊದಲ್ನೇದನ್ನ ಮತ್ತೆ ಹಾಗೇ ಒಡೀಬಹುದು, ಅದ್ರಲ್ಲಿ ಮೊದಲ್ನೇದನ್ನ ಮತ್ತೂ ಹಾಗೇ, ಕೊನೆಗೆ 3, 5, 17, 257, 65537 ಅಂತ ಸಲೀಸಾಗಿ ಉದುರತ್ತೆ. ಐದೂ ಅವಿಭಾಜ್ಯ, ಇನ್ನು ಒಡೆಯೋಕಾಗಲ್ಲ. ಉಳಿಯೋದು 2³²+1, ಅಂದ್ರೆ 4294967297. ಗಣಿತಜ್ಞ ಫರ್ಮಾ ಇದನ್ನೂ ಅವಿಭಾಜ್ಯ ಅಂದ್ಕೊಂಡಿದ್ದ. 1732ರಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ ಇದನ್ನ 641 × 6700417 ಅಂತ ಒಡೆದುಬಿಟ್ಟ. ಸಿಕ್ಕಸಿಕ್ಕ ನಂಬರಿಂದ ಭಾಗಿಸಿ ನೋಡಬೇಕಿಲ್ಲ, ಇದಕ್ಕೆ ಅಪವರ್ತನ ಇದ್ರೆ ಅದು 64ರ ಮಗ್ಗಿಗೆ ಒಂದು ಸೇರಿಸಿದ ರೂಪದಲ್ಲೇ ಇರಬೇಕು ಅಂತ ಆಮೇಲೆ ತೋರಿಸ್ದ. 64 ಹತ್ಲಿ 640, ಮೇಲೊಂದು ಸೇರಿಸಿದ್ರೆ 641. ಸಾಲಲ್ಲಿ ಹತ್ತನೇದೇ ಉತ್ತರ!

ಈಗ 2⁶⁴ನ್ನ ಇನ್ನು ಮೂರು ಸಲ ದುಪ್ಪಟ್ಟು ಮಾಡಿ, ಒಂದು ಕಳೀರಿ. 2⁶⁷−1, ಅಂದ್ರೆ 147573952589676412927. ಬರೀ ಒಂದು ಅಂಕಿ ಜಾಸ್ತಿ. ಆದ್ರೆ 67 ಬೆಸ, ಅದೂ ಅವಿಭಾಜ್ಯ, ಹಾಗಾಗಿ ಆ ಸೂತ್ರ ಇಲ್ಲಿ ಕೈಕೊಡತ್ತೆ. 1644ರಲ್ಲಿ ಮರ್ಸೆನ್ ಇದನ್ನ ಅವಿಭಾಜ್ಯಗಳ ಪಟ್ಟಿಗೆ ಸೇರಿಸಿದ್ದ. 1876ರಲ್ಲಿ ಲ್ಯೂಕಾ ಅಲ್ಲ ಅಂತ ಸಾಧಿಸ್ದ, ಆದ್ರೆ ಅಪವರ್ತನ ಒಂದೂ ಕೈಗೆ ಸಿಗದೆ! ನನಗೆ ಇವತ್ತಿಗೂ ಮೈ ಜುಂ ಅನ್ನೋದು ಇದೇ, ಬಾಗಿಲು ಇದೆ ಅಂತ ಗೊತ್ತು, ಎಲ್ಲಿದೆ ಅಂತ ಗೊತ್ತಿಲ್ಲ. 1903ರ ಅಕ್ಟೋಬರಲ್ಲಿ ನ್ಯೂಯಾರ್ಕಿನ ಗಣಿತಜ್ಞರ ಸಭೆಯಲ್ಲಿ ಫ್ರಾಂಕ್ ಕೋಲ್ 193707721 × 761838257287 ಅಂತ ತೋರಿಸ್ದ. ಒಂದು ಮಾತೂ ಆಡದೆ ಬೋರ್ಡ್ ಮೇಲೆ ಗುಣಿಸಿ ಹೋಗಿ ಕೂತ್ಕೊಂಡ, ಇದಕ್ಕೆ ಮೂರು ವರ್ಷದ ಭಾನುವಾರಗಳು ಹಿಡಿದ್ವು ಅಂತಾರೆ. ಇಲ್ಲಿ ಅಪವರ್ತನ 134ರ ಮಗ್ಗಿಗೆ ಒಂದು ಸೇರಿಸಿದ ರೂಪದಲ್ಲಿ ಬರಬೇಕು, ಚಿಕ್ಕದೇ ಸಾಲಲ್ಲಿ 14,45,580ನೇದು. ಆದ್ರೆ ಸಿಕ್ಕ ಮೇಲೆ ಗುಣಿಸಿ ತಾಳೆ ನೋಡೋಕೆ ಒಂದು ಹಾಳೆ ಸಾಕು.

ಒಡೆಯೋದು ಕಷ್ಟ, ಗುಣಿಸೋದು ಸುಲಭ ಅನ್ನೋ ಈ ವ್ಯತ್ಯಾಸದ ಮೇಲೇ ಆರ್‌ಎಸ್‌ಎ ಅನ್ನೋ ಎನ್‌ಕ್ರಿಪ್ಷನ್ ಪದ್ಧತಿ ನಿಂತಿರೋದು. ಅದ್ರಲ್ಲಿ ಮಾಹಿತಿಗೆ ಬೀಗ ಹಾಕೋ 2048 ಬಿಟ್ ಕೀ ಅಂದ್ರೆ 617 ಅಂಕಿಯ ನಂಬರ್, ಎರಡು ಅವಿಭಾಜ್ಯಗಳ ಗುಣಲಬ್ಧ. 2020ರಲ್ಲಿ 250 ಅಂಕಿಯದನ್ನ ಒಡೆಯೋಕೆ ಕಂಪ್ಯೂಟರಿನ ಒಂದೇ ಪ್ರೊಸೆಸರ್ ಕೋರ್ ಆಗಿದ್ರೆ ಸುಮಾರು 2,700 ವರ್ಷ ಹಿಡಿಯೋವಷ್ಟು ಲೆಕ್ಕ ಬೇಕಾಯ್ತು.

ಹಾಗಂತ ಅಂಕಿ ಎಷ್ಟಿದೆ ಅಂತ ಮಾತ್ರ ನೋಡಿ ಸುಮ್ನಾಗ್ಬೇಡಿ ಅಂತ ಹುಡುಗನಿಗೆ ಹೇಳ್ದೆ. ಎರಡು ಅವಿಭಾಜ್ಯಗಳು ಅಕ್ಕಪಕ್ಕದಲ್ಲೇ ಇದ್ರೆ ಅದೇ ಹೈಸ್ಕೂಲ್ ಸೂತ್ರ ಮತ್ತೆ ಕೆಲಸ ಮಾಡತ್ತೆ, 2022ರಲ್ಲಿ ಕೆಲವು ಪ್ರಿಂಟರ್‌ಗಳು ತಯಾರಿಸಿದ ಕೀಗಳು ಹೀಗೇ ಬಿಚ್ಚಿಕೊಂಡಿದ್ವು. 8051 ತಗೊಳ್ಳಿ. ಅದಕ್ಕಿಂತ ಸ್ವಲ್ಪ ಮೇಲಿರೋ ವರ್ಗ 8100, ಅಂದ್ರೆ 90ರದ್ದು. ಕಳೆದ್ರೆ 49, ಅದು 7ರ ವರ್ಗ. 90ಕ್ಕೆ 7 ಕಳೆದ್ರೆ 83, ಕೂಡಿಸಿದ್ರೆ 97, ಕೀ ಬಿಚ್ಚಿಕೊಂಡಾಯ್ತು.