ಬಿಳಿ ಹಕ್ಕಿಯ ಗರಿ ಉಳಿಸುವುದು: ದೋಣಿಯಿಂದ ಫೋಟೊ ತೆಗೆಯುವವರಿಗೆ ಎಕ್ಸ್‌ಪೋಷರ್ ಟಿಪ್ಪಣಿ

ರಂಗನತಿಟ್ಟಿನಲ್ಲಿ ದೋಣಿ ಹತ್ತಿ ಬಂದ ಹೊಸಬರ ಕಾರ್ಡಿನಲ್ಲಿ ಹೆಚ್ಚು ಹಾಳಾಗಿರುವುದು ಬೆಳ್ಳಕ್ಕಿ, ಚಮಚ ಕೊಕ್ಕು, ಬಣ್ಣದ ಕೊಕ್ಕರೆಗಳ ಚಿತ್ರಗಳೇ. ಫೋಕಸ್ ಸರಿಯಾಗಿರುತ್ತದೆ, ಆದರೆ ರೆಕ್ಕೆ ಸುಣ್ಣ ಬಳಿದ ಗೋಡೆಯಂತೆ ಕಾಣುತ್ತದೆ, ಗರಿಯ ಒಂದು ಎಳೆಯೂ ಉಳಿದಿರುವುದಿಲ್ಲ. ಇದು ಲೆನ್ಸಿನ ದೋಷವಲ್ಲ, ಕ್ಯಾಮೆರಾದೊಳಗಿನ ಬೆಳಕಿನ ಮೀಟರನ್ನು ನಂಬಿದ್ದರ ಫಲ.

ಮೀಟರ್ ಚೌಕಟ್ಟಿನ ಬೆಳಕನ್ನೆಲ್ಲ ಅಳೆದು, ಸರಾಸರಿ ನಡುಬೂದು ಬರುವಂತೆ ಲೆಕ್ಕ ಹಾಕುತ್ತದೆ. ಕಡುಹಸಿರು ಮರಗಳ ಮುಂದೆ ಚಿಕ್ಕದಾಗಿ ಕಾಣುವ ಬೆಳ್ಳಕ್ಕಿಯನ್ನು ತೆಗೆದರೆ ಮೀಟರ್ ಮರಗಳ ಕತ್ತಲನ್ನು ನೋಡಿ ಬೆಳಕು ಹೆಚ್ಚಿಸುತ್ತದೆ, ಹಕ್ಕಿ ಸುಟ್ಟುಹೋಗುತ್ತದೆ. ಇಲ್ಲಿ ಕಾಂಪೆನ್ಸೇಷನ್ (ಮೀಟರಿನ ಲೆಕ್ಕವನ್ನು ನಾವು ತಿದ್ದುವ ಅಳತೆ) -1ರಿಂದ -1.7 ಸ್ಟಾಪ್ ಬೇಕು. ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ ಅಥವಾ ಅರ್ಧ ಆಗುವುದು. ಅದೇ ಹಕ್ಕಿ ಚೌಕಟ್ಟು ತುಂಬಿದರೆ ಬಿಳಿ ಬೂದಾಗುತ್ತದೆ, ಆಗ +0.7 ಕೊಡಬೇಕು. ಬಿಳಿಚಿದ ಆಕಾಶಕ್ಕೆ ಏರಿದರೆ ಹಕ್ಕಿಯ ಹೊಟ್ಟೆ ಕಪ್ಪಾಗುತ್ತದೆ, ಮತ್ತೆ + ಕಡೆಗೆ ಹೋಗಬೇಕು. ಮರದಿಂದ ಹಾರಿ, ನೀರು ದಾಟಿ, ಆಕಾಶಕ್ಕೇರುವ ಕೊಕ್ಕರೆಗೆ ಇದೆಲ್ಲ ಮೂರ್ನಾಲ್ಕು ಸೆಕೆಂಡಿನ ಕೆಲಸ. ಅಷ್ಟರಲ್ಲಿ ಯಾರ ಬೆರಳೂ ಡಯಲ್ ತಿರುಗಿಸಿ ಮುಗಿಸಲಾರದು.

ಗಮನಿಸಬೇಕಾದದ್ದು ಇಷ್ಟು: ಬದಲಾದದ್ದು ಹಿನ್ನೆಲೆ, ಹಕ್ಕಿಯ ಮೇಲೆ ಬೀಳುವ ಬಿಸಿಲಲ್ಲ. ಆದ್ದರಿಂದ ಬಿಸಿಲು ಸ್ಥಿರವಾಗಿರುವಾಗ ಮ್ಯಾನುವಲ್ ಮೋಡ್ (ಎಲ್ಲವನ್ನೂ ನಾವೇ ನಿಗದಿ ಮಾಡುವ ಕ್ರಮ) ಬಳಸಿ. ನೆತ್ತಿಯತ್ತ ಏರಿದ ಸ್ವಚ್ಛ ಬಿಸಿಲಿಗೆ ಹಳೆಯ ಲೆಕ್ಕ ಎಫ್ 16 (ಲೆನ್ಸಿನ ತೆರಪು, ಅಂಕಿ ಚಿಕ್ಕದಾದಷ್ಟೂ ತೆರಪು ದೊಡ್ಡದು), ಶಟರ್ 1/ಐಎಸ್‌ಒ ಸೆಕೆಂಡು (ಐಎಸ್‌ಒ ಎಂದರೆ ಸೆನ್ಸರ್ ಬೆಳಕಿಗೆ ಸ್ಪಂದಿಸುವ ಮಟ್ಟ). ಐಎಸ್‌ಒ 400ರಲ್ಲಿ ಅದು ಎಫ್ 16, 1/400. ತೆರಪನ್ನು ಎರಡು ಸ್ಟಾಪ್ ತೆರೆದರೆ ಎಫ್ 8, 1/1600 ಆಗುತ್ತದೆ. ಬಿಳಿ ಹಕ್ಕಿಗೆ ಒಂದು ಸ್ಟಾಪ್ ಇಳಿಸಿದರೆ 1/3200. ಬೆಳಗಿನ ದೋಣಿಯ ಹೊತ್ತಿಗೆ ಬೆಳಕು ಸುಮಾರು ಒಂದು ಸ್ಟಾಪ್ ಕಡಿಮೆ ಇರುವುದರಿಂದ ಎಫ್ 6.3, 1/2500, ಐಎಸ್‌ಒ 400 ಎಂದು ಶುರು ಮಾಡಿ. ದಡ ಬಿಡುವ ಮೊದಲೇ, ನಿಮ್ಮ ಬೆನ್ನಿಗೆ ಬಿಸಿಲಿರುವಂತೆ ಕೂತ ಒಂದು ಬೆಳ್ಳಕ್ಕಿಯ ಮೇಲೆ ಪರೀಕ್ಷಿಸಿ. ಹಿಸ್ಟೋಗ್ರಾಂನ (ಎಡಕ್ಕೆ ಕಪ್ಪು, ಬಲಕ್ಕೆ ಬಿಳಿ ಎಷ್ಟಿದೆ ಎಂದು ತೋರಿಸುವ ಗ್ರಾಫ್) ಬಲ ತುದಿ ಗೋಡೆಗೆ ಒರಗಬಾರದು. ಬೆಳಗಿನ ಹೊಂಬಿಸಿಲಿನಲ್ಲಿ ಕೆಂಪು ಚಾನೆಲ್ ಮೊದಲು ತುಂಬಿಹೋಗುತ್ತದೆ. ಹಾಗಾಗಿ ಬಿಳಿಯ ಒಂದೇ ಗ್ರಾಫ್ ನೋಡದೆ ಮೂರು ಬಣ್ಣಗಳ ಗ್ರಾಫನ್ನೂ ನೋಡಿ. ಬಣ್ಣದ ಕೊಕ್ಕರೆಯ ಹಿಂಭಾಗದ ಗುಲಾಬಿ ಗರಿಗಳು ಬಿಳಿಚಿಹೋಗುವುದು ಹೀಗೆಯೇ. ರಾ ಫೈಲ್‌ನಲ್ಲಿ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಚಿತ್ರ) ಕಪ್ಪು ಗರಿಯನ್ನು ಎರಡು ಸ್ಟಾಪ್ ಎತ್ತಿದರೂ ವಿವರ ಸಿಗುತ್ತದೆ, ಸುಟ್ಟ ಬಿಳಿಯಲ್ಲಿ ಎತ್ತಲು ಏನೂ ಇರುವುದಿಲ್ಲ.

ಮ್ಯಾನುವಲ್ ಹಾಕಿ ಐಎಸ್‌ಒ ಮಾತ್ರ ಆಟೋದಲ್ಲಿ ಬಿಟ್ಟರೆ ಮಾಡಿದ್ದೆಲ್ಲ ವ್ಯರ್ಥ. ಆಗ ಐಎಸ್‌ಒ ಮತ್ತೆ ಹಿನ್ನೆಲೆಯ ಹಿಂದೆಯೇ ಓಡುತ್ತದೆ. ಆಟೋ ಐಎಸ್‌ಒ ಮೋಡ ಬಂದು ಹೋಗುವ ದಿನಕ್ಕೆ ಒಳ್ಳೆಯದು. ತೆಳುಮೋಡಕ್ಕೆ ಒಂದು, ದಟ್ಟ ಮೋಡಕ್ಕೆ ಮೂರು ಸ್ಟಾಪ್‌ವರೆಗೆ ವ್ಯತ್ಯಾಸವಾಗುತ್ತದೆ. ನೀರುಕಾಗೆಯಂಥ ಕಪ್ಪು ಹಕ್ಕಿ ಎದುರಾದರೆ ಬಿಳಿಯ ಸೆಟ್ಟಿಂಗ್‌ನಿಂದ ಒಂದೂವರೆ ಸ್ಟಾಪ್ ತೆರೆಯಿರಿ. ಎಷ್ಟು ಕ್ಲಿಕ್ ಎಂದು ಬೆರಳಿಗೆ ರೂಢಿಯಾಗಲಿ (ಸಾಮಾನ್ಯವಾಗಿ ಮೂರು ಕ್ಲಿಕ್ಕಿಗೆ ಒಂದು ಸ್ಟಾಪ್).

ದೋಣಿಯ ಅಲುಗಾಟಕ್ಕೆ ಟ್ರೈಪಾಡ್ ಮದ್ದಲ್ಲ, ತಳದ ನಡುಕವನ್ನು ಅದು ನೇರ ಲೆನ್ಸಿಗೆ ಮುಟ್ಟಿಸುತ್ತದೆ. ಕೈಯಲ್ಲೇ ಹಿಡಿಯಿರಿ, ಮೊಣಕೈ ಪಕ್ಕೆಗೆ ಒತ್ತಿರಲಿ. ಕೂತ ಹಕ್ಕಿಗೂ 1/800ಕ್ಕಿಂತ ಇಳಿಯಬೇಡಿ. ಕೊಕ್ಕರೆಯ ಹಾರಾಟಕ್ಕೆ 1/1600 ಸಾಕು, ಮಿಂಚುಳ್ಳಿ ಧುಮುಕುವಾಗ 1/3200 ಬೇಕು. ಫೋಕಸ್ ಸದಾ ಕಂಟಿನ್ಯುಯಸ್‌ನಲ್ಲಿರಲಿ (ಚಲಿಸುವ ಹಕ್ಕಿಯನ್ನು ಹಿಂಬಾಲಿಸುವ ಕ್ರಮ). ದೊಡ್ಡ ಹಕ್ಕಿಗಳು ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಮೇಲೇಳುತ್ತವೆ, ಇಳಿಯುವುದೂ ಹಾಗೆಯೇ. ಹುಲ್ಲು ಬಾಗಿದ ದಿಕ್ಕು ನೋಡಿದರೆ ಹಕ್ಕಿ ಯಾವ ಕಡೆ ಮುಖ ಮಾಡಿ ಬರುತ್ತದೆ ಎಂದು ಮೊದಲೇ ತಿಳಿಯುತ್ತದೆ.

ಅಂಬಿಗರನ್ನು "ಇನ್ನೂ ಸ್ವಲ್ಪ ಹತ್ತಿರ ಹೋಗಣ್ಣ" ಎಂದು ಒತ್ತಾಯಿಸಬೇಡಿ. ಕಾವೇರಿಯ ಈ ನಡುಗಡ್ಡೆಗಳನ್ನು 1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿಯವರ ಮಾತಿನ ಮೇಲೆ ಪಕ್ಷಿಧಾಮ ಮಾಡಿದ್ದೇ ಹಕ್ಕಿಗಳು ನಿಶ್ಚಿಂತೆಯಿಂದ ಗೂಡು ಕಟ್ಟಲೆಂದು. ಕಾವಿನಲ್ಲಿ ಕೂತ ಹಕ್ಕಿ ಕತ್ತು ನಿಗುರಿಸಿ ಎದ್ದು ನಿಂತಿತೆಂದರೆ ದೋಣಿ ಆಗಲೇ ಹತ್ತಿರವಾಗಿದೆ. ಅದು ಗೂಡು ಬಿಟ್ಟರೆ ಮೊಟ್ಟೆ ಬಿಸಿಲಿಗೂ ಕಾಗೆಗೂ ಸಿಗುತ್ತದೆ. ಆ ಕ್ಷಣದಲ್ಲಿ ಶಟರ್ ಒತ್ತದೆ, ದೋಣಿಯನ್ನು ಹಿಂದಕ್ಕೆ ತೆಗೆಯಲು ಹೇಳಿ.