ಅಂದವಾಗಿ ಹೇಳಿದ ದುಃಖ

ಬದುಕನ್ನು ಒಂದು ಕಲಾಕೃತಿಯ ಹಾಗೆ ನೋಡಬೇಕು ಎಂದು ಕೆಲವರು ಹೇಳುತ್ತಾರೆ. ಈ ಯೋಚನೆಗೆ ಗಟ್ಟಿ ದನಿ ಕೊಟ್ಟವನು ಜರ್ಮನ್ ತತ್ವಜ್ಞಾನಿ ನೀತ್ಸೆ. ಲೋಕಕ್ಕೂ ಬದುಕಿಗೂ ಸಮರ್ಥನೆ ಸಿಗುವುದು ಸೌಂದರ್ಯದ ಕಣ್ಣಿನಿಂದ ನೋಡಿದಾಗ ಮಾತ್ರ ಎಂದು 1872ರಲ್ಲೇ ಬರೆದ. ಮನಸ್ಸಿನ ಅರಿವಿಗೆ ಬಾರದ ಪದರಗಳನ್ನು ಮಾತಿನ ಮೂಲಕ ಹುಡುಕುವ ಮನೋವಿಶ್ಲೇಷಣೆಯನ್ನು ಶುರುಮಾಡಿದ ಫ್ರಾಯ್ಡ್ ಇದನ್ನು ಒಪ್ಪುವವನಲ್ಲ. ಮನೋವಿಶ್ಲೇಷಣೆಗೆ ತನ್ನದೇ ಆದ ಲೋಕದೃಷ್ಟಿ ಇಲ್ಲ, ವಿಜ್ಞಾನದ್ದೇ ಅದಕ್ಕೆ ಸಾಕು ಎಂದು 1933ರಲ್ಲಿ ಹೇಳಿದ. ಸೌಂದರ್ಯದ ಬಗ್ಗೆಯಂತೂ ನಮಗೆ ಹೇಳಲು ಜಾಸ್ತಿ ಏನೂ ಇಲ್ಲ ಎಂದು ಅದಕ್ಕೂ ಮೊದಲೇ, 1930ರಲ್ಲೇ ಒಪ್ಪಿಕೊಂಡಿದ್ದ.

ಆದರೆ 1916ರಲ್ಲಿ ಪ್ರಕಟವಾದ ಅವನ ಪುಟ್ಟ ಪ್ರಬಂಧವೊಂದು ಬೇರೆಯೇ ಮಾತಾಡುತ್ತದೆ. ಬೇಸಿಗೆಯ ಒಂದು ದಿನ ಅವನು ಯುವಕವಿಯೊಬ್ಬನ ಜೊತೆ ಅಡ್ಡಾಡುತ್ತಿದ್ದಾನೆ. ಸುತ್ತಲೂ ಸೊಬಗು. ಕವಿಗೆ ಮಾತ್ರ ಖುಷಿಯಿಲ್ಲ. ಚಳಿಗಾಲ ಬಂದರೆ ಇದೆಲ್ಲ ಹೋಗುತ್ತದಲ್ಲ ಎಂಬ ಕೊರಗು. ಹೋಗುತ್ತದೆ ಎಂಬುದಕ್ಕೇ ಬೆಲೆ ಜಾಸ್ತಿ ಎನ್ನುತ್ತಾನೆ ಫ್ರಾಯ್ಡ್. ಕವಿಯ ಮನಸ್ಸು ಮುಂದೆ ಬರುವ ದುಃಖಕ್ಕೆ ಈಗಲೇ ಬಾಗಿಲು ಹಾಕಿಕೊಂಡಿದೆ ಎಂಬುದು ಅವನ ಗುಮಾನಿ.

ಮನೋಚಿಕಿತ್ಸೆಯ ನನ್ನ ಕೆಲಸದಲ್ಲಿ ಇದು ತಿರುಗುಮುರುಗಾಗಿಯೂ ಕಾಣುತ್ತದೆ. ಸೌಂದರ್ಯವೇ ಆ ಬಾಗಿಲಾಗಬಹುದು. ಒಬ್ಬ ಮಹಿಳೆ ಸೆಷನ್‌ನಲ್ಲಿ ತಾಯಿಯ ಸಾವಿನ ಬಗ್ಗೆ ಹೇಳುತ್ತಿದ್ದರು (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ). ಆಸ್ಪತ್ರೆಯ ಕಿಟಕಿ, ಸಂಜೆಯ ಬಿಸಿಲು, ತಾಯಿಯ ಕೊನೆಯ ಮಾತು. ಕೇಳಿದರೆ ಕಣ್ಣು ತುಂಬಬೇಕು, ಅಷ್ಟು ಚೆಂದ. ಆದರೆ ಪ್ರತಿ ಸಲವೂ ಅದೇ ಕಿಟಕಿ, ಅದೇ ಪದಗಳು, ನಿಲ್ಲಿಸುವುದೂ ಅದೇ ಜಾಗದಲ್ಲಿ. ಅವರು ಮಾತ್ರ ಒಮ್ಮೆಯೂ ಅತ್ತಿರಲಿಲ್ಲ.

ಅದನ್ನು ಸುಳ್ಳು ಎನ್ನಲಾಗದು. ಆ ಕಥೆ ಅವರನ್ನು ಅಷ್ಟು ದಿನ ಕಾಪಾಡಿತ್ತು. ಅದನ್ನು ಒಡೆಯಲು ಹೋಗಬಾರದು. ಕೊನೆಯ ಮಾತಿಗೆ ಮುಂಚೆ ಏನಾಯ್ತು ಎಂದಷ್ಟೇ ಕೇಳಿದೆ. ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ, ಕಾರಿಡಾರಿನಲ್ಲಿ ಫೋನ್ ಹಿಡಿದು ಯಾರ ಮೇಲೋ ರೇಗುತ್ತಿದ್ದೆ, ಇದು ಬೇಗ ಮುಗಿಯಬಾರದಾ ಅನಿಸಿತ್ತು ಎಂದರು. ಅವತ್ತು ವಾಕ್ಯಗಳು ಪೂರ್ತಿಯಾಗಲಿಲ್ಲ.

ಇಲ್ಲಿ ನನಗೆ ನೆರವಾಗುವವರು ಬ್ರಿಟಿಷ್ ಮನೋವಿಶ್ಲೇಷಕಿ ಹನಾ ಸೀಗಲ್. ಕಳೆದುಕೊಂಡದ್ದನ್ನು, ನಾವೇ ಮನಸ್ಸಿನಲ್ಲಿ ಹಾಳುಮಾಡಿದ್ದನ್ನು ಮತ್ತೆ ಕಟ್ಟುವ ಆಸೆಯಿಂದ ಕಲೆ ಹುಟ್ಟುತ್ತದೆ ಎಂದು 1952ರಲ್ಲಿ ಅವರು ವಾದಿಸಿದರು. ಹಾಳಾದದ್ದನ್ನು ಒಪ್ಪದೆ ಕಟ್ಟುವುದಾದರೂ ಹೇಗೆ? ದುರಂತ ನಾಟಕದಲ್ಲಿ ಕುರೂಪವೆಲ್ಲ ಉಳಿದೇ ಇರುತ್ತದೆ, ರೂಪ ಅದನ್ನು ತಾಳಿಕೊಳ್ಳುತ್ತದೆ. ನೀತ್ಸೆಯೂ ಬದುಕಿನ ಸಮರ್ಥನೆಯ ಆ ಮಾತು ಹೇಳಿದ್ದು ದುರಂತ ನಾಟಕದ ಬಗ್ಗೆ ಬರೆಯುತ್ತಲೇ. ಅವನನ್ನು ಬರೀ ಅಲಂಕಾರದ ಪಕ್ಷಕ್ಕೆ ಎಳೆಯುವವರು ಇದನ್ನು ಮರೆಯುತ್ತಾರೆ.

ಹಾಗಾಗಿ ಸೌಂದರ್ಯದೃಷ್ಟಿ ಒಳ್ಳೆಯದೋ ಕೆಟ್ಟದ್ದೋ ಎಂದು ನಾನು ಕೇಳುವುದಿಲ್ಲ. ಹೇಳುವ ರೀತಿ ಸಲದಿಂದ ಸಲಕ್ಕೆ ಬದಲಾಗುತ್ತಿದೆಯಾ ಎಂದು ಗಮನಿಸುತ್ತೇನೆ. ಆ ಮಹಿಳೆಯ ಕಥೆಯಲ್ಲಿ ಕಿಟಕಿ ಈಗಲೂ ಇದೆ. ಜೊತೆಗೆ ಫೋನೂ ಬಂದಿದೆ, ಸಿಟ್ಟೂ ಬಂದಿದೆ. ತಾಯಿಯ ಜೊತೆ ಆಡಿದ ಹಳೆಯ ಜಗಳಗಳನ್ನು ಈಗ ತಾವಾಗಿಯೇ ಹೇಳುತ್ತಿದ್ದಾರೆ.